ಆಲೂಗಡ್ಡೆ ಕೋಣೆಯ ಹಿಮಾಲಯ

ಒಂದು ಕೆಲಸಕ್ಕೆಂದು ಹೋದವನು ಇನ್ನೊಂದರಲ್ಲಿ ಸಿಕ್ಕಿಬೀಳುವುದು ಗಲ್ಫಿನಲ್ಲಿ ದಿನಾ ನಡೆಯುವ ಸಂಗತಿ. ಮೇಸ್ತ್ರಿ ಎಂದು ಬಂದವನು ಅಡುಗೆ ಮಾಡುತ್ತಾನೆ, ಅಡುಗೆಯವನೆಂದು ಬಂದವನು ಒಂಟೆ ಕಾಯುತ್ತಾನೆ, ಒಂಟೆ ಕಾಯಲು ಬಂದವನು ಟೈ ಕಟ್ಟಿಕೊಂಡು ಆಫೀಸಿನಲ್ಲಿ ಕೂತಿರುತ್ತಾನೆ. ನನ್ನ ಪಾಲಿಗೆ ಬಂದದ್ದು ಹಿಮಾಲಯ.

ನಾನು ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ ಕೈ ಪಳಗಿದ ಮೆಕ್ಯಾನಿಕ್. ಹಿಮ ಅಂದರೆ ಬಂಗುಡೆ ಮೀನಿನ ಮೇಲೆ ಸಲಿಕೆಯಲ್ಲಿ ಸುರಿಯುವ ವಸ್ತು ಎಂದೇ ನಾನು ತಿಳಿದದ್ದು. ಅದು ಆಕಾಶದಿಂದಲೂ ಬೀಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಅಷ್ಟೆ. ಕುವೈತಿಗೆ ಬಂದ ಮೇಲೆ ಸುಲೈಬಿಯಾದ ಒಂದು ತರಕಾರಿ ಗೋದಾಮಿನಲ್ಲಿ ತಂಪು ಕೋಣೆಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆಲೂಗಡ್ಡೆಗೆ ಒಂದು ಕೋಣೆ, ಸೇಬಿಗೆ ಒಂದು, ಕ್ಯಾರೆಟ್ಟಿಗೆ ಒಂದು. ಉಷ್ಣಮಾಪಕದ ಮುಳ್ಳು ಇಟ್ಟಲ್ಲೇ ನಿಂತಿರಬೇಕು, ಅತ್ತ ಇತ್ತ ಅಲ್ಲಾಡಬಾರದು. ಆ ಮುಳ್ಳಿನ ಬಗ್ಗೆ ನನಗೆ ಸ್ವಲ್ಪ ಅಹಂಕಾರವೇ ಇತ್ತು. ಮುಂದೆ ನಡೆದದ್ದಕ್ಕೆಲ್ಲ ಆ ಮುಳ್ಳೇ ಮೂಲ.

ಬಾಬಾ ಕೇಳಿದ ಬೆಟ್ಟ

ಗೋದಾಮಿನ ಯಜಮಾನರು, ಅಂದರೆ ನಮ್ಮ ವೀಸಾದ ಹೊಣೆ ಹೊತ್ತ ಕಫೀಲ್, ಎಪ್ಪತ್ತು ದಾಟಿದವರು. ನಾವೆಲ್ಲ ಅವರನ್ನು ಬಾಬಾ ಎನ್ನುತ್ತಿದ್ದೆವು. ಎಣ್ಣೆ ಬರುವ ಮೊದಲು ಅವರ ಮನೆತನದವರು ಹಾಯಿಹಡಗಿನಲ್ಲಿ ಖರ್ಜೂರ ತುಂಬಿಕೊಂಡು ಬೊಂಬಾಯಿಗೆ ಹೋಗಿ ಬರುತ್ತಿದ್ದರಂತೆ. ಬಾಬಾ ಹರೆಯದಲ್ಲಿ ಅಲ್ಲೇ ಅಂಗಡಿ ಇಟ್ಟುಕೊಂಡಿದ್ದರಿಂದ ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು.

ಒಂದು ಸಂಜೆ ನಮ್ಮ ಡ್ರೈವರ್ ಕಾಕಾ ಬಂದು, "ಯಲ್ಲಾ, ಬಾಬಾ ಕರೀತಿದ್ದಾರೆ, ಮನೆಗೇ ಬರ್ಬೇಕಂತೆ" ಅಂದರು. ಕಾಕಾ ಪುತ್ತೂರು ಕಡೆಯ ಬ್ಯಾರಿ. ನನಗಿಂತ ಹತ್ತು ವರ್ಷ ಮೊದಲೇ ಕುವೈತಿಗೆ ಬಂದವರು, ಹಾಗಾಗಿ ಎಲ್ಲ ಬಲ್ಲವರು. ಕೆಲಸ ಹೋಯಿತೋ ಏನೋ ಎಂದು ನಾನು ಹೆದರಿಕೊಂಡೇ ಗಾಡಿ ಹತ್ತಿದೆ.

ಬಾಬಾ ನನ್ನನ್ನು ಗಂಡಸರು ಕೂರುವ ದೊಡ್ಡ ಹಜಾರದಲ್ಲಿ ಕುಳ್ಳಿರಿಸಿದರು. ಒಬ್ಬ ಪುಟ್ಟ ಕಪ್ಪಿನಲ್ಲಿ ಕಾಫಿ ಕೊಟ್ಟ. ಕುಡಿದೆ. ಮತ್ತೆ ಹಾಕಿದ. ಬೇಡ ಅನ್ನುವುದು ಮರ್ಯಾದೆಯಲ್ಲ ಎಂದು ಮತ್ತೆ ಕುಡಿದೆ. ಅವನು ಹಾಕುತ್ತಲೇ ಹೋದ, ನಾನು ಕುಡಿಯುತ್ತಲೇ ಹೋದೆ. ಎದೆ ಡವಗುಟ್ಟತೊಡಗಿತು. ಬಾಗಿಲ ಬಳಿ ನಿಂತಿದ್ದ ಕಾಕಾ ಎಲ್ಲ ಗೊತ್ತಿದ್ದೂ ಮೀಸೆಯಡಿಯಲ್ಲೇ ನಗುತ್ತಿದ್ದರು. ಕೊನೆಗೆ ಬಾಬಾ ನನ್ನ ಮಣಿಕಟ್ಟು ಹಿಡಿದು ಕಪ್ಪನ್ನು ಅತ್ತ ಇತ್ತ ಅಲ್ಲಾಡಿಸಿ, "ಅರೇ ಭಾಯಿ, ಸಾಕು ಅನ್ನಲು ಹೀಗೆ ಮಾಡಬೇಕು. ಇಲ್ಲದಿದ್ದರೆ ಇವನು ಬೆಳಗಿನವರೆಗೂ ಹಾಕುತ್ತಾನೆ" ಅಂದರು.

ಆಮೇಲೆ ವಿಷಯಕ್ಕೆ ಬಂದರು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಬೊಂಬಾಯಿಯಿಂದ ಶಿಮ್ಲಾಕ್ಕೆ ಹೋಗಿದ್ದರಂತೆ. ಅಲ್ಲಿಂದ ಕುದುರೆ ಹತ್ತಿ ಇನ್ನೂ ಮೇಲೆ, ದೊಡ್ಡ ಮರಗಳು ಮುಗಿದು ಹುಲ್ಲು, ಬಂಡೆ, ಹಿಮ ಶುರುವಾಗುವ ಜಾಗದವರೆಗೆ. ದಾರಿಯುದ್ದಕ್ಕೂ ಕೆಂಪು ಹೂವಿನ ಮರಗಳು, ಬುರಾಂಶ್ ಎಂದು ಹೆಸರು. ಒಂದು ಮನೆಯವರು ಕರೆದು ಆ ಹೂವಿನದೇ ಶರಬತ್ತು ಕೊಟ್ಟರು.

"ಎರಡು ಲೋಟ ಕೊಟ್ಟರು. ಕುಡಿದೆವು. ಆ ರುಚಿ ಇನ್ನೂ ನಾಲಿಗೆಯ ಮೇಲಿದೆ" ಎಂದು ಬಾಬಾ ಕಣ್ಣು ಮುಚ್ಚಿದರು.

ಅವರ ಹೆಂಡತಿಯನ್ನು ಮನೆಯವರೆಲ್ಲ ಬೀಬಿ ಎಂದು ಕರೆಯುತ್ತಿದ್ದರು. ಬೀಬಿಯ ಹೃದಯ ಸೋತಿತ್ತು. ವಿಮಾನ ಹತ್ತಬಾರದು ಎಂದು ಡಾಕ್ಟರರು ಹೇಳಿಯಾಗಿತ್ತು. ಈಗ ಆ ಮುದುಕಿ ಬಂಗಾರ ಕೇಳುವುದಿಲ್ಲ, ಪಟ್ಟೆ ಕೇಳುವುದಿಲ್ಲ, ಸಿಟ್ಟು ಬಂದಾಗಲೆಲ್ಲ ಒಂದೇ ಮಾತು: "ಸಾಯುವ ಮೊದಲು ಆ ಕೆಂಪು ಹೂವು ನನಗೆ ಬೇಕೇ ಬೇಕು."

"ನಾವು ಬೆಟ್ಟಕ್ಕೆ ಹೋಗಲಾಗುವುದಿಲ್ಲ. ಬೆಟ್ಟವೇ ಇಲ್ಲಿಗೆ ಬರಲಿ. ಆಲೂಗಡ್ಡೆ ಕೋಣೆ ಖಾಲಿ ಮಾಡು. ಚಳಿ ನಿನ್ನ ಜವಾಬ್ದಾರಿ" ಅಂದರು ಬಾಬಾ.

ಹಿಂದೆ ಬರುವಾಗ ನಾನು ಮನಸ್ಸಿನಲ್ಲೇ ಚಳಿಯ ಲೆಕ್ಕ ಹಾಕುತ್ತಿದ್ದೆ. ಕಾಕಾ ಮಾತ್ರ ಗಂಭೀರವಾಗಿ, "ಒಂದು ಮಾತು ಈಗ್ಲೇ ಹೇಳಿಡ್ತೇನೆ ಮಾರಾಯ. ಬೆಟ್ಟ ಏರ್‌ಪೋರ್ಟಿಗೆ ಬಂದ್ರೆ ನನ್ನ ಪಿಕಪ್ಪಿನಲ್ಲಿ ಹಿಡಿಸುದಿಲ್ಲ" ಅಂದರು.

ಮೀನು ತೊಳೆದ ನೀರು

ಬೆಟ್ಟ ಬಂತು, ಪಿಕಪ್ಪಿನಲ್ಲೇ ಹಿಡಿಸಿತು. ಕುಂಡದಲ್ಲಿ ಎದೆಯೆತ್ತರದ ಒಂದು ಬುರಾಂಶ್ ಗಿಡ, ಬಿಳಿ ತೊಗಟೆಯ ಒಂದು ಮರ, ಪಾಚಿ ಹಿಡಿದ ಬಂಡೆಗಳು, ಹೆಸರು ಗೊತ್ತಿಲ್ಲದ ಹುಲ್ಲು. ಬುರಾಂಶಿನ ಕೊಂಬೆತುದಿಯಲ್ಲಿ ಆಗಲೇ ದಪ್ಪ ಮೊಗ್ಗುಗಳಿದ್ದವು. ಬಾಬಾ ಅವನ್ನು ಮುಟ್ಟಿ ಮುಟ್ಟಿ ನೋಡಿ, "ವಸಂತಕ್ಕೆ ಅರಳುತ್ತದೆ" ಅಂದರು. ನಾನು ಮುಳ್ಳನ್ನು ಒಂದು ಕಡೆ ನಿಲ್ಲಿಸಿ, ಅದರ ಮೇಲೆ ಕಣ್ಣಿಟ್ಟು ಕೂತೆ.

ಕೆಲವು ದಿನಗಳಲ್ಲಿ ಬುರಾಂಶಿನ ಎಲೆಗಳೆಲ್ಲ ಬೀಡಿಯ ಹಾಗೆ ಸುರುಳಿ ಸುತ್ತಿ ಜೋತುಬಿದ್ದವು. ಚಳಿಗೆ ಆ ಗಿಡ ಹಾಗೇ ಮಾಡುತ್ತದೆ, ಅದು ಅದರ ಕಂಬಳಿ ಹೊದೆಯುವ ಕ್ರಮ ಎಂದು ಯಾರೂ ನನಗೆ ಹೇಳಿರಲಿಲ್ಲ. ಗಿಡ ಸಾಯುತ್ತಿದೆ ಎಂದುಕೊಂಡೆ. ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿಗೆ ಹೋಗಿ ಹೆಂಡತಿಗೆ ಹೇಳಿಕೊಂಡೆ. ಅವಳು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಬೀಬಿ ಅಲ್ಲಿಗೇ ಚಿಕಿತ್ಸೆಗೆ ಬರುತ್ತಿದ್ದುದರಿಂದ ಅವಳಿಗೂ ಈ ಗಿಡ ಸ್ವಂತದ್ದೇ ಆಗಿತ್ತು.

"ಶಕ್ತಿ ಇಲ್ಲ ಅದಕ್ಕೆ. ಮೀನು ತೊಳೆದ ನೀರು ಹಾಕಿ. ನಮ್ಮಮ್ಮನ ಮಲ್ಲಿಗೆ ಅದರಲ್ಲೇ ಅಲ್ವಾ ಹಾಗೆ ಬಿಡುದು?" ಅಂದಳು.

ಶಂಕರಪುರದ ಅವಳಮ್ಮನ ಮಲ್ಲಿಗೆಗೆ ಆದದ್ದು ಶಿಮ್ಲಾದ ಹೂವಿಗೆ ಆಗಬಾರದೆ? ಮರುದಿನದಿಂದ ಒಂದು ಕ್ಯಾನಿನಲ್ಲಿ ಬಂಗುಡೆ ತೊಳೆದ ನೀರು ಕಾಕಾನ ಪಿಕಪ್ಪಿನಲ್ಲಿ ಸುಲೈಬಿಯಾಕ್ಕೆ ಹೊರಟಿತು. ಗಿಡಕ್ಕೆ ಏನಾಯಿತೋ ಗೊತ್ತಿಲ್ಲ. ಆದರೆ ವಾರದೊಳಗೆ ಸುಲೈಬಿಯಾದ ಸಮಸ್ತ ಬೆಕ್ಕುಗಳಿಗೂ ನಮ್ಮ ವಿಳಾಸ ಗೊತ್ತಾಯಿತು. ಬಾಗಿಲು ತೆರೆಯುವುದೇ ತಡ, ನುಗ್ಗುತ್ತಿದ್ದವು.

ಒಂದು ದಿನ ಬಾಬಾ ನಾಲ್ಕು ಜನ ಗೆಳೆಯರನ್ನು ಬೆಟ್ಟ ತೋರಿಸಲು ಕರೆತಂದರು. ಬಾಗಿಲು ತೆರೆದರೆ ಒಂದೊಂದು ಬಂಡೆಯ ಮೇಲೆ ಒಂದೊಂದು ಬೆಕ್ಕು, ಕಾಲು ಮಡಚಿ ಕೂತು ಗಿಡದ ಬುಡವನ್ನೇ ಧ್ಯಾನಿಸುತ್ತಿವೆ. ಗೆಳೆಯರು ಮೂಗಿಗೆ ಬಟ್ಟೆ ಹಿಡಿದರು. ಬಾಬಾ ನಿಧಾನವಾಗಿ ನನ್ನ ಕಡೆ ತಿರುಗಿ, "ನಾನು ಹೋದ ಬೆಟ್ಟದಲ್ಲಿ ಬೆಕ್ಕು ಇರಲಿಲ್ಲ" ಅಂದರು.

ಕಾಕಾ ಮುಂದೆ ಬಂದು ಕೈಕಟ್ಟಿ, "ಬಾಬಾ, ಇವು ಹಿಮಚಿರತೆಯ ಮರಿಗಳು. ಚಳಿ ಕಡಿಮೆಯಾದದ್ದಕ್ಕೆ ಬೆಳೀಲಿಲ್ಲ" ಅಂದರು.

ಚಕೋರನ ಊಟ

ಬೆಟ್ಟಕ್ಕೆ ಹಕ್ಕಿ ಬೇಡವೇ ಎಂದು ಬಾಬಾ ಒಂದು ಜೋಡಿ ಚಕೋರ ತಂದರು. ಶುಕ್ರವಾರದ ಸಂತೆಯಲ್ಲಿ ಸಿಕ್ಕಿದ್ದಂತೆ. ಕೆಂಪು ಕೊಕ್ಕು, ಕೆಂಪು ಕಾಲು, ಕಣ್ಣಿನಿಂದ ಎದೆಯವರೆಗೆ ಕಪ್ಪು ಪಟ್ಟಿ. ಹೆಸರು ಕೇಳಿ ನಾನು ಒಂದು ಗಳಿಗೆ ಬೆರಗಾದೆ. ಶಾಲೆಯಲ್ಲಿ ಕನ್ನಡ ಮಾಸ್ತರರು ಎಷ್ಟು ಸಲ ಹೇಳಿದ್ದರು, ಚಕೋರ ಬೆಳದಿಂಗಳನ್ನೇ ಕುಡಿದು ಬದುಕುವ ಹಕ್ಕಿ ಎಂದು! ಅದು ಕಥೆಯ ಹಕ್ಕಿ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಕಣ್ಣೆದುರೇ ಕಾಲು ಕೆರೆಯುತ್ತಿದೆ.

ಮೊದಲ ದಿನ ಕಾಳು ಹಾಕಲು ಮರೆತೆ. ನಿಜ ಹೇಳಬೇಕೆಂದರೆ, ಮರೆತದ್ದಲ್ಲ, ಮನಸ್ಸಿನ ಮೂಲೆಯಲ್ಲಿ ಮಾಸ್ತರರ ಮಾತು ಕೂತಿತ್ತು. ಮರುದಿನ ಹೋಗುವಾಗ ಅವು ನನ್ನ ಮಧ್ಯಾಹ್ನದ ಬುತ್ತಿಯ ಕುಬೂಸ್ ರೊಟ್ಟಿಯನ್ನು ಪ್ಲಾಸ್ಟಿಕ್ಕಿನ ಸಮೇತ ಹರಿದು ತಿನ್ನುತ್ತಿದ್ದವು. ಆಮೇಲೆ ಕಡಲೆ, ಅವಲಕ್ಕಿ, ಚಕ್ಕುಲಿಯ ಪುಡಿ, ಯಾವುದನ್ನೂ ಬಿಡಲಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ದಿನವಿಡೀ 'ಚಕ್ ಚಕ್ ಚಕ್' ಎಂದು ಜಗಳದ ಧ್ವನಿಯಲ್ಲಿ ಕೂಗುತ್ತಿದ್ದವು. ಊರಿಗೆ ಫೋನು ಮಾಡಿದಾಗ ಹಳೆಯ ಮಾಸ್ತರರಿಗೆ ಇದನ್ನು ಹೇಳಿ ಕಳಿಸಿದೆ.

ಅವರ ಉತ್ತರ ಮುಂದಿನ ಫೋನಿನಲ್ಲಿ ಬಂತು: "ಬೆಳದಿಂಗಳು ಸಿಗದಿದ್ದರೆ ಪಾಪ ಅದಾದರೂ ಏನು ಮಾಡೀತು? ನೀನೂ ಅಲ್ಲಿ ಕುಚ್ಚಲಕ್ಕಿ ಸಿಗದೆ ಕುಬೂಸು ತಿನ್ನುವುದಿಲ್ಲವೋ?"

ತಾಯತದ ಮರ

ಆ ಬಿಳಿ ತೊಗಟೆಯ ಮರದ ಹೆಸರು ಭೂರ್ಜ. ಹಿಂದೆ ಋಷಿಗಳು ಇದರ ಸಿಪ್ಪೆಯ ಮೇಲೆ ಬರೆಯುತ್ತಿದ್ದರಂತೆ. ತೊಗಟೆ ತಾನಾಗಿಯೇ ಕಾಗದದ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ನಾನು ಇದನ್ನು ಒಮ್ಮೆ ಊರಿನವರ ಕೂಟದಲ್ಲಿ ಬಾಯಿತಪ್ಪಿ ಹೇಳಿದೆ.

ಮುಂದಿನ ಶುಕ್ರವಾರ ಮೈದಾನ್ ಹವಲ್ಲಿಯಿಂದ ಒಬ್ಬರು 'ಸುಮ್ನೆ ನೋಡಿ ಹೋಗುವ ಅಂತ' ಬಂದರು. ಅದರ ಮುಂದಿನ ಶುಕ್ರವಾರ ಇನ್ನಿಬ್ಬರು. ಎಲ್ಲರೂ ಮರದ ಸುತ್ತ ಒಂದು ಸುತ್ತು ಬಂದು, ಕೈ ಹಿಂದೆ ಕಟ್ಟಿಕೊಂಡು ನಿಂತು, ನಾನು ಅತ್ತ ತಿರುಗಿದ ಕೂಡಲೇ 'ಸರ್ರ್' ಎಂದು ಶಬ್ದ ಮಾಡುತ್ತಿದ್ದರು. ಊರಿನ ಜೋಯಿಸರು ಭೂರ್ಜಪತ್ರದಲ್ಲಿ ಬರೆದ ತಾಯತಕ್ಕೇ ನಿಜವಾದ ಬಲ ಎಂದಿದ್ದರಂತೆ. ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಇಕಾಮಾ ಎಂಬ ವಾಸದ ಪರವಾನಗಿ, ಒಬ್ಬರಿಗೆ ಡ್ರೈವಿಂಗ್ ಲೈಸೆನ್ಸ್. ನಾನು ಬಯ್ಯಲು ಹೋದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಪರದೇಶದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹೆದರಿಕೆ ಇರುತ್ತದೆ, ಅದನ್ನು ಕಟ್ಟಿಡಲು ಒಂದು ಚೂರು ಸಿಪ್ಪೆ ಸಿಕ್ಕರೆ ಸಿಗಲಿ ಎಂದು ನಾನೂ ಅತ್ತ ತಿರುಗಿ ನಿಲ್ಲತೊಡಗಿದೆ.

ಕಾಕಾ ಇದನ್ನೆಲ್ಲ ನೋಡಿ, "ನಿಮ್ಮವರಿಗೆ ಬುದ್ಧಿ ಇಲ್ಲವಾ? ಮರದ ಚರ್ಮ ಸುಲಿದ್ರೆ ಮರ ಬದುಕ್ತದಾ?" ಎಂದು ಕೂಗಾಡಿದರು. ಅಂದೇ ಸಂಜೆ ಅವರ ಪಿಕಪ್ಪಿನ ಕನ್ನಡಿಗೆ ಹೊಸದೊಂದು ಕಪ್ಪು ದಾರದ ತಾಯತ ನೇತಾಡುತ್ತಿತ್ತು. ನಾನು ಅದನ್ನೇ ನೋಡುವುದನ್ನು ಕಂಡು, "ಇದು ತಾನಾಗಿ ಬಿದ್ದದ್ದು. ಬಿದ್ದದ್ದಕ್ಕೆ ಸುಲಿದ ಪಾಪ ಇಲ್ಲ" ಅಂದರು.

ಹುಟ್ಟದ ಕೂಸಿನ ಕುಲಾವಿ

ಆ ವಸಂತದಲ್ಲಿ ಬುರಾಂಶ್ ಅರಳಲಿಲ್ಲ. ಮೊಗ್ಗುಗಳು ಮುಷ್ಟಿ ಬಿಗಿಹಿಡಿದ ಹಾಗೆ ಹಾಗೇ ಇದ್ದವು. ಹೊರಗೆ ಸೆಖೆ ಏರಿತು, ಧೂಳು ಎದ್ದಿತು, ಕೋಣೆಯೊಳಗೆ ನನ್ನ ಮುಳ್ಳು ಮಾತ್ರ ಅಲ್ಲಾಡಲಿಲ್ಲ. ಕೊನೆಗೆ ಮೊಗ್ಗುಗಳು ಕಂದಾಗಿ ಒಂದೊಂದೇ ಉದುರಿದವು. ಬಾಬಾ ಅವನ್ನು ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬೀಬಿ ಒಮ್ಮೆಯೂ ಗೋದಾಮಿಗೆ ಬಂದಿರಲಿಲ್ಲ. ಬನ್ನಿ ಎಂದು ನನ್ನ ಹೆಂಡತಿ ಕರೆದರೆ, "ಹೂವಾಗಲಿ, ಬರುತ್ತೇನೆ. ಎಲೆ ನೋಡುವುದಕ್ಕೆ ನಿಮ್ಮ ಕ್ಲಿನಿಕ್ಕಿನ ಕುಂಡವೇ ಸಾಕು" ಅನ್ನುತ್ತಿದ್ದರು. ಕಾಲು ಊದುತ್ತಿತ್ತು, ನಾಲ್ಕು ಹೆಜ್ಜೆಗೆ ದಮ್ಮು ಕಟ್ಟುತ್ತಿತ್ತು. ಇನ್ನೆಷ್ಟು ವಸಂತ ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಬೇಸಗೆ ಕಳೆದು ಗಿಡದಲ್ಲಿ ಮತ್ತೆ ಮೊಗ್ಗು ಕಂಡಾಗ ನಾನು ಮನಸ್ಸಿನಲ್ಲೇ ಊರಿನ ಅಮ್ಮನವರ ಗುಡಿಗೆ ಹರಕೆ ಹೇಳಿಕೊಂಡೆ, ಅರಳಿದ ಮೊದಲ ಹೂವು ನಿನಗೆ ಎಂದು. ಅದನ್ನು ಕಾಕಾನಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ಅದು ಹೇಗೆ ಆಗ್ತದೆ? ಮೊದಲ ಹೂ ನಾನು ನಮ್ಮೂರ ದರ್ಗಾಕ್ಕೆ ಹೇಳಿಯಾಗಿದೆ. ನಿಮಗಿಂತ ಮೊದ್ಲೇ!"

"ನೀರು ಹಾಕಿದವ ನಾನು ಕಾಕಾ!"

"ನೀರು ತಂದ ಗಾಡಿ ನನ್ನದು!"

ಬುತ್ತಿ ಕೊಡಲು ಬಂದಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರನ್ನು ಕೇಳಿದ್ದೆ. ಕುಲಾವಿಗೆ ಇಬ್ಬರು ಎಳೆದಾಡುದನ್ನು ಇವತ್ತೇ ನೋಡಿದ್ದು" ಅಂದಳು.

ಪುಣ್ಯವಂತನ ನಿದ್ದೆ

ಎರಡನೆಯ ಚಳಿಗಾಲದ ಮೊದಲಿಗೆ ಯಾರೋ ಬಾಬಾರಿಗೆ ಒಂದು ಮಾರ್ಮಟ್ ಉಡುಗೊರೆ ಕೊಟ್ಟರು. ಅದು ಎತ್ತರದ ಬೆಟ್ಟಗಳಲ್ಲಿ ಬಿಲ ತೋಡಿಕೊಂಡಿರುವ ಪ್ರಾಣಿ. ನೋಡಲು ಹೆಗ್ಗಣದ ಹಲ್ಲು, ಬೆಕ್ಕಿನ ಗಾತ್ರ, ಸಾಹುಕಾರರ ಹೊಟ್ಟೆ. ಬಂದ ಹೊಸತರಲ್ಲಿ ಸಿಕ್ಕಿದ್ದೆಲ್ಲ ತಿಂದಿತು. ಕೋಣೆಯ ಹುಲ್ಲನ್ನೆಲ್ಲ ಬಾಯಲ್ಲಿ ಕಚ್ಚಿ ತನ್ನ ಮರದ ಪೆಟ್ಟಿಗೆಗೆ ಸಾಗಿಸಿತು. ಒಂದು ದಿನ ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ.

ಕೈ ಹಾಕಿ ನೋಡಿದೆ. ತಣ್ಣಗೆ, ಗಟ್ಟಿ, ಉಂಡೆ ಕಟ್ಟಿದ ಹಾಗೆ. ಅಲ್ಲಾಡಿಸಿದರೂ ಇಲ್ಲ, ಕೂಗಿದರೂ ಇಲ್ಲ. ಬಾಬಾರಿಗೆ ಏನು ಹೇಳುವುದು? ಕಾಕಾ ಕಣ್ಣೊರೆಸಿಕೊಂಡು ಹೊರಗೆ ಮರಳಿನಲ್ಲಿ ಗುಂಡಿ ತೋಡಿದರು, ಹೊಸ ಟವಲೊಂದನ್ನು ತಂದು ಸುತ್ತಿದರು. ನನ್ನ ಹೆಂಡತಿಗೆ ಅವತ್ತು ರಜೆ. ಕಡೆಯದಾಗಿ ಒಮ್ಮೆ ನೋಡಲಿ ಎಂದು ಅವಳನ್ನು ಕರೆಸಿದೆ. ಅವಳು ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿ ಕೂತಳು. ತುಂಬ ಹೊತ್ತಿನ ಮೇಲೆ, "ಒಂದು" ಅಂದಳು. ಮತ್ತೆ ತುಂಬ ಹೊತ್ತು ಕಳೆದು, "ಎರಡು."

"ಸತ್ತಿಲ್ಲ. ಚಳಿಗಾಲದ ನಿದ್ದೆ. ವಸಂತಕ್ಕೆ ಏಳ್ತದೆ. ಗುಂಡಿ ಮುಚ್ಚಿ" ಅಂದಳು.

ಕಾಕಾ ಕುಸಿದು ಕೂತರು. ಪಿತ್ತಕ್ಕೆ ಒಳ್ಳೆಯದೆಂದು ಊರಿನಿಂದ ಬಂದ, ಪುನರ್ಪುಳಿ ಹಣ್ಣಿನ ಕೆಂಪು ಹುಳಿ ಶರಬತ್ತಿನ ಬಾಟಲಿಯೊಂದು ಚಹಾ ಮಾಡುವ ಮೂಲೆಯಲ್ಲಿ ಯಾವಾಗಲೂ ಇರುತ್ತಿತ್ತು. ಒಂದು ಲೋಟ ಮಾಡಿ ಕೊಟ್ಟೆ. ಕುಡಿದು ಸುಧಾರಿಸಿಕೊಂಡು ಅವರು ಮಾರ್ಮಟ್ಟನ್ನೇ ನೋಡುತ್ತ ಕೂತರು.

"ರೂಮು ಫ್ರೀ, ಎಸಿ ಫ್ರೀ, ಆರು ತಿಂಗಳು ನಿದ್ದೆ, ಡ್ಯೂಟಿ ಇಲ್ಲ. ಇವನ ಕಫೀಲ್ ಯಾರು ಮಾರಾಯ? ನಾನೂ ವೀಸಾ ಬದಲಿಸ್ತೇನೆ."

"ನಿಮ್ಮದೇ ಕಫೀಲ್ ಕಾಕಾ" ಅಂದೆ.

ಮೆಶಿನ್ ಕೈಕೊಟ್ಟದ್ದು

ಫೆಬ್ರವರಿ ಕೊನೆಗೆ ದೇಶದ ಹಬ್ಬದ ರಜೆ. ಬಿಡಿಭಾಗದ ಅಂಗಡಿಗಳೆಲ್ಲ ಬಂದ್. ಆ ರಜೆಯ ಮೊದಲ ದಿನವೇ ಬೆಟ್ಟದ ಕೋಣೆಯ ಕಂಪ್ರೆಸರ್ ಒಮ್ಮೆ ಕೆಮ್ಮಿ ನಿಂತಿತು. ಬಿಚ್ಚಿ ನೋಡಿದರೆ ಒಳಗಿನ ಭಾಗ ಸುಟ್ಟಿತ್ತು, ಹೊಸದು ಹಾಕದೆ ಬೇರೆ ದಾರಿ ಇರಲಿಲ್ಲ. ಅದು ಸಿಗುವುದು ರಜೆ ಮುಗಿದ ಮೇಲೆ. ಮುಳ್ಳು ನನ್ನ ಕಣ್ಣೆದುರೇ ಮೇಲೆ ಏರತೊಡಗಿತು. ಅಷ್ಟು ವರ್ಷಗಳ ಕೆಲಸದಲ್ಲಿ ನನ್ನ ಮುಳ್ಳು ಅಲ್ಲಾಡಿದ್ದು ಅದೇ ಮೊದಲು.

ಆ ವಾರವೇ ಬೀಬಿಯನ್ನು ಕ್ಲಿನಿಕ್ಕಿನಿಂದ ಮನೆಗೆ ಕಳಿಸಿದ್ದರು. ಗುಣವಾಗಿ ಅಲ್ಲ. ಇನ್ನು ಮನೆಯಲ್ಲೇ ಇರಲಿ, ಕೇಳಿದ್ದು ಕೊಡಿ ಎಂದು. ನನ್ನ ಹೆಂಡತಿ ಇದನ್ನು ಹೇಳಿ ಅಡುಗೆಮನೆಗೆ ಹೋಗಿ ಅತ್ತಿದ್ದಳು. ಈಗ ಈ ಗಿಡವೂ ಹೋದರೆ ಬಾಬಾರ ಮುಖ ನೋಡುವುದು ಹೇಗೆ?

ಕಾಕಾ ಪಿಕಪ್ ತೆಗೆದುಕೊಂಡು ಹೋಗಿ ಮೀನು ಮಾರ್ಕೆಟ್ಟಿನ ಐಸನ್ನೆಲ್ಲ ತುಂಬಿಸಿಕೊಂಡು ಬಂದರು. ಗಿಡದ ಸುತ್ತ ಪೇರಿಸಿದೆವು. ಮೀನಿನ ವಾಸನೆ ಗಮ್ಮೆಂದಿತು. ಹಳೆಯ ಗಿರಾಕಿಗಳು, ಆ ಬೆಕ್ಕುಗಳೆಲ್ಲ, ಈ ಸಲ ಮರಿಗಳನ್ನೂ ಕರೆದುಕೊಂಡು ಬಂದವು. ಐಸು ಕರಗಿತು, ಮತ್ತೆ ತರಲು ಎಲ್ಲೂ ಸಿಗಲಿಲ್ಲ. ಕೊನೆಗೆ ಬೇರೆ ಉಪಾಯ ಕಾಣದೆ ದೊಡ್ಡ ಶಟರನ್ನು ಎತ್ತಿಬಿಟ್ಟೆವು. ಹೊರಗೆ ಕುವೈತಿನ ಆ ನಾಲ್ಕು ದಿನದ ವಸಂತ. ಹಗಲು ಹದವಾದ ಬಿಸಿಲು, ಸಂಜೆಗೆ ತಣ್ಣನೆ ಗಾಳಿ. ಮರಳುಗಾಡಿನ ಗಾಳಿ ಮೊದಲ ಸಲ ಹಿಮಾಲಯದೊಳಗೆ ಬಂತು. ನಾನು ತಲೆಗೆ ಕೈಕೊಟ್ಟು ಕೂತೆ.

ಒಂದು ಬೆಳಿಗ್ಗೆ ಕಾಕಾ ಕೂಗಿದರು. ಓಡಿದೆ. ಬುರಾಂಶಿನ ಎಲೆಗಳ ಸುರುಳಿ ಬಿಚ್ಚಿಕೊಂಡು ನೆಟ್ಟಗಾಗಿತ್ತು. ಮೂರು ಮೊಗ್ಗುಗಳ ತುದಿ ಸೀಳಿ ಒಳಗಿನಿಂದ ಕೆಂಪು ಇಣುಕುತ್ತಿತ್ತು.

ಬಾಬಾ ಬಂದು ಗಿಡವನ್ನೂ ಎತ್ತಿದ ಶಟರನ್ನೂ ನಿಂತುಹೋದ ಮೆಶಿನ್ನನ್ನೂ ಸರದಿಯಂತೆ ನೋಡಿದರು. ಬೆಟ್ಟದಲ್ಲೂ ಚಳಿ ಒಂದು ದಿನ ಬಿಡುತ್ತದೆ, ಹಿಮ ಕರಗುತ್ತದೆ, ಗಾಳಿ ಬೆಚ್ಚಗಾಗುತ್ತದೆ, ಆಗಲೇ ಹೂವು ಎಂಬುದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು. ನಾನು ವರ್ಷಕ್ಕೂ ಮೇಲೆ ಆ ಗಿಡಕ್ಕೆ ಚಳಿ ಬಿಡಲು ಅವಕಾಶವನ್ನೇ ಕೊಟ್ಟಿರಲಿಲ್ಲ.

ನನಗೆ ನಮ್ಮದೇ ನೆನಪಾಯಿತು. ಎಸಿ ರೂಮು, ಎಸಿ ಗಾಡಿ, ಎಸಿ ಅಂಗಡಿ. ಊರಿನಲ್ಲಿ ಯಾವಾಗ ಮಳೆ ಹಿಡಿಯಿತು, ಯಾವಾಗ ಬಿಟ್ಟಿತು, ನಮಗೆ ಫೋನಿನಲ್ಲೇ ಗೊತ್ತಾಗಬೇಕು. ನಮ್ಮೊಳಗೂ ಏನೋ ಮೊಗ್ಗಾಗಿಯೇ ಕೂತಿರುತ್ತದೆ. ರಜೆಗೆ ಹೋಗಿ ಮಂಗಳೂರಿನಲ್ಲಿ ವಿಮಾನದ ಬಾಗಿಲು ತೆರೆದು ಆ ಬೆವರಿನ ಗಾಳಿ ಮುಖಕ್ಕೆ ಹೊಡೆದಾಗ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ. ನನಗೆ ಸುಮ್ಮನೆ ಅಳು ಬಂತು.

ಬಾಬಾ ನನ್ನ ಬೆನ್ನು ತಟ್ಟಿದರು. "ನಾನು ಬೆಟ್ಟ ಕೇಳಿದ್ದೆ. ನೀನು ಇಷ್ಟು ದಿನ ಫ್ರಿಜ್ ಕೊಟ್ಟಿದ್ದೆ" ಅಂದರು.

ಒಂದು ಲೋಟ

ಹೂವು ಪೂರ್ತಿ ಅರಳಲಿ, ಬೀಬಿಯನ್ನು ಕರೆತರುವ ಎಂದು ಬಾಬಾ ದಿನ ಗೊತ್ತು ಮಾಡಿದರು. ಬುರಾಂಶ್ ಒಂದೊಂದಾಗಿ ಅರಳುವ ಹೂವಲ್ಲ. ಒಂದು ಮೊಗ್ಗಿನಿಂದ ಒಂದು ಗೊಂಚಲು, ಗೊಂಚಲಿನ ತುಂಬ ಗಂಟೆಯಾಕಾರದ ಕೆಂಪು ಹೂಗಳು. ಮೂರು ಗೊಂಚಲು ಮೂರು ದೀಪದ ಹಾಗೆ ನಿಂತಿದ್ದವು.

ಆ ದಿನ ಬೆಳಿಗ್ಗೆ ನೋಡಿದರೆ ಒಂದೇ ಉಳಿದಿದೆ! ಹುಡುಕಿದರೆ, ಬೆಚ್ಚನೆಯ ಗಾಳಿಗೆ ನಮ್ಮ ಪುಣ್ಯವಂತ ಮಾರ್ಮಟ್ಟಿಗೂ ಎಚ್ಚರವಾಗಿದೆ. ಎದ್ದವನೇ ಎರಡು ಗೊಂಚಲು ಕತ್ತರಿಸಿ ಪೆಟ್ಟಿಗೆಗೆ ಎಳೆದೊಯ್ದು, ಹಳೆಯ ಹುಲ್ಲು ಹೊರಗೆ ಹಾಕಿ, ಹೂವಿನ ಹಾಸಿಗೆಯ ಮೇಲೆ ಮೈಚಾಚಿ ಕೂತಿದ್ದಾನೆ. "ಮದುಮಗ!" ಎಂದು ಕಾಕಾ ಹಲ್ಲು ಕಡಿದರು.

ಅಷ್ಟರಲ್ಲಿ ಕಾರು ಬಂತು. ಗಾಲಿಕುರ್ಚಿಯಲ್ಲಿ ಬೀಬಿ, ಕಪ್ಪು ಅಬಾಯಾದ ಮೇಲೆ ಬಾಬಾರ ಹಳೆಯ ಉಣ್ಣೆಯ ಕೋಟು. ಹಿಂದೆ ನನ್ನ ಹೆಂಡತಿ. ಇದ್ದ ಒಂದು ಗೊಂಚಲಿನ ಮುಂದೆ ಕುರ್ಚಿ ನಿಂತಿತು. ಬಾಬಾ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ನಾವೂ ಕಣ್ಣೊರೆಸಿಕೊಳ್ಳಲು ತಯಾರಾಗಿ ನಿಂತೆವು. ಬೀಬಿ ಕೈಚಾಚಿ ಒಂದು ಹೂವನ್ನು ನೇವರಿಸಿದರು. ಆಮೇಲೆ ಇಡೀ ಗೊಂಚಲನ್ನು ಲಟಕ್ಕನೆ ಮುರಿದು ನನ್ನ ಹೆಂಡತಿಯ ಕೈಗಿಟ್ಟರು.

"ಶರಬತ್ತು ಮಾಡು" ಅಂದರು.

ಇಷ್ಟು ದಿನವೂ ನೋಡಬೇಕು, ನೋಡಬೇಕು ಎಂದು ನಾವು ತಿಳಿದದ್ದು. ಮುದುಕಿಗೆ ಬೇಕಾಗಿದ್ದದ್ದು ಕುಡಿಯಲು.

ಕಾಕಾ ನನ್ನನ್ನು ನೋಡಿದರು, ನಾನು ಕಾಕಾನನ್ನು ನೋಡಿದೆ. ಹರಕೆ! ತಡವರಿಸುತ್ತ ಇಬ್ಬರೂ ವಿಷಯ ಹೇಳಿದೆವು. ಬೀಬಿ ದಮ್ಮು ಕಟ್ಟುವಷ್ಟು ನಕ್ಕರು. ಗೊಂಚಲಿನಿಂದ ಹೂ ಬಿಡಿಸಿ ಒಂದು ನನಗೆ, ಒಂದು ಕಾಕಾನಿಗೆ ಕೊಟ್ಟರು. "ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ಅವರವರೇ ಮೇಲೆ ಜಗಳಾಡಿಕೊಳ್ಳಲಿ" ಅಂದರು. ಬಾಬಾರ ಮೊಮ್ಮಕ್ಕಳಿಗೆಂದು ಕೆಲವು ಹೋದವು. ಕೆಳಗೆ ಬಿದ್ದದ್ದನ್ನು ಚಕೋರಗಳು ಓಡಿಬಂದು ನುಂಗಿದವು.

ನನ್ನ ಹೆಂಡತಿಯ ಕೈಯಲ್ಲಿ ಉಳಿದದ್ದು ಒಂದು ಹಿಡಿಯೂ ಇಲ್ಲ. ಚಹಾದ ಮೂಲೆಯಲ್ಲಿ ನೀರಿಗೆ ಹಾಕಿ ಕುದಿಸಿದಳು, ಸೋಸಿದಳು. ಬಣ್ಣ ಬಂದದ್ದು ಕುಂಕುಮದ ಕೈ ತೊಳೆದ ನೀರಿನಷ್ಟು. ರುಚಿ ನೋಡಿದಳು. ಮುಖ ಸಣ್ಣದಾಯಿತು.

"ಇದರಲ್ಲಿ ಎಂತದೂ ಇಲ್ಲ ಮಾರಾಯ್ರೆ. ಆ ಜೀವ ಇದನ್ನು ಕುಡ್ದು ಎಂತ ಹೇಳ್ಬೇಕು?" ಎಂದು ಪಿಸುಗುಟ್ಟಿದಳು. ಅವಳ ಕಣ್ಣು ಮೂಲೆಯ ಪುನರ್ಪುಳಿ ಬಾಟಲಿಯ ಮೇಲೆ ನಿಂತಿತು. ನನ್ನ ಕಣ್ಣೂ ಅಲ್ಲೇ ನಿಂತಿತು. ಗಂಡಹೆಂಡಿರು ಪಾಪ ಮಾಡುವಾಗ ಮಾತು ಬೇಕಾಗುವುದಿಲ್ಲ.

ಲೋಟದಲ್ಲಿ ಶರಬತ್ತು ಕಡುಗೆಂಪಾಗಿ ಹೊಳೆಯುತ್ತಿತ್ತು. ಬೀಬಿ ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡಿತು. ಮತ್ತೊಂದು ಗುಟುಕು. ಆ ಬಾಡಿದ ಮುಖದಲ್ಲಿ ಒಂದು ನಗು ಬಂತು ನೋಡಿ, ನಾನು ಈಗಲೂ ಮರೆತಿಲ್ಲ. ಹದಿನೆಂಟರ ಹುಡುಗಿಯೊಬ್ಬಳು ಕುದುರೆಯಿಂದ ಇಳಿದು ನಿಂತ ಹಾಗಿತ್ತು.

ಬಾಬಾ ಕುರ್ಚಿಯ ಕಡೆ ಬಾಗಿದರು. "ಅದೇ ರುಚಿಯಾ? ಎಲ್ಲಿ, ಕೊಡು, ನಾನೂ ನೋಡುತ್ತೇನೆ" ಎಂದು ಕೈ ಮುಂದೆ ಚಾಚಿದರು.

ನನ್ನ ಹೆಂಡತಿ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದಳು. ಬುರಾಂಶಿನ ಶರಬತ್ತಿನ ರುಚಿ ಇನ್ನೂ ನಾಲಿಗೆಯ ಮೇಲಿದೆ ಎಂದವರು ಬಾಬಾ. ಒಂದು ಗುಟುಕು ಸಾಕು, ಶಿಮ್ಲಾ ಹೋಗಿ ಮಂಗಳೂರು ಹೊರಗೆ ಬೀಳುತ್ತದೆ. ಕಾಕಾ ಮೆಲ್ಲನೆ ಬಾಗಿಲ ಕಡೆಗೆ ಸರಿದರು.

ಬೀಬಿ ಲೋಟವನ್ನು ಎದೆಗೆ ಒತ್ತಿಕೊಂಡರು.

"ಅದೇ ರುಚಿಯೋ ಅಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಅವತ್ತು ಎರಡು ಲೋಟ ಕೊಟ್ಟರು. ನಿನ್ನದನ್ನು ನೀನು ಕುಡಿದೆ. ನಾನು ಕುದುರೆಯಿಂದ ಇಳಿದು ಚಪ್ಪಲಿ ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನದನ್ನೂ ನೀನೇ ಕುಡಿದೆ. ಹೊಸ ಸೊಸೆ, ಬಾಯಿ ಬಿಡಲಿಲ್ಲ. ಅವತ್ತಿನಿಂದ ಕೇಳುತ್ತಿದ್ದೇನೆ!"

ಬಾಬಾ ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಬೀಬಿ ಅವರ ಕಣ್ಣಲ್ಲಿ ಕಣ್ಣಿಟ್ಟು, ದಮ್ಮು ಕಟ್ಟಿದಾಗ ನಿಲ್ಲಿಸಿ, ಮತ್ತೆ ಕುಡಿದು, ಕೊನೆಯ ಹನಿಯವರೆಗೆ ಮುಗಿಸಿದರು. ಆಮೇಲೆ ಖಾಲಿ ಲೋಟವನ್ನು ಗಂಡನ ಮೂಗಿನೆದುರು ಹಿಡಿದು ಕಾಫಿಯ ಕಪ್ಪಿನ ಹಾಗೆ ಅತ್ತ ಇತ್ತ ಅಲ್ಲಾಡಿಸಿದರು.

"ಖಲಾಸ್" ಅಂದರು.